ಬ್ರೇಕಿನ ಮೇಲೆ ಕಾಲಿಟ್ಟವನಿಗೆ ಸುದ್ದಿ ತಲುಪಲಿ

(ಸಂಘದ ಸಾಮಾನ್ಯ ಸಭೆಯಲ್ಲಿ ಮಾಡಿದ ಭಾಷಣ)



ಪಗಾರ, ರಜೆ, ಖೋಲಿಯ ಬಾಡಿಗೆ ಇವುಗಳ ಮಾತೇ ಮುಗಿಯದಿರುವಾಗ ಲಾರಿಯ ಬ್ರೇಕಿನ ಮಾತು ನಮಗೇಕೆ ಎಂದು ನಮ್ಮಲ್ಲಿ ಕೆಲವರು ಕೇಳಿದ್ದಾರೆ. ಕೇಳಿದ್ದು ತಪ್ಪಲ್ಲ. ಮೊದಲು ಅದಕ್ಕೆ ಉತ್ತರ ಕೊಟ್ಟು ಮುಂದಿನ ಮಾತಿಗೆ ಹೋಗುವುದು ಸರಿಯೆಂದು ತೋರುತ್ತದೆ.

ಬೆಳಗಿನ ಜಾವ ಒಲೆ ಹಚ್ಚುವ ನಮ್ಮ ಅಡಿಗೆಯವರನ್ನು ಕೇಳಿ ನೋಡಿ. ತುರ್ಭೆಯ ಮಾರ್ಕೆಟ್ಟಿನಿಂದ ತರಕಾರಿಯ ಟೆಂಪೊ ಬಾರದೆ ಸಾಂಬಾರು ಇಲ್ಲ. ಹಾಲಿನ ಗಾಡಿ ಬಾರದೆ ಚಹಾ ಇಲ್ಲ. ಸಿಲಿಂಡರಿನ ಗಾಡಿ ಬಾರದೆ ಒಲೆಯೇ ಇಲ್ಲ. ಡೊಂಬಿವಲಿ, ತಳೋಜಾ ಕಡೆಯ ಕಾರ್ಖಾನೆಗಳಲ್ಲಿ ದುಡಿಯುವವರನ್ನು ಕೇಳಿ. ಕಚ್ಚಾ ಮಾಲು ಒಳಗೆ ಬರುವುದೂ ತಯಾರಾದ ಮಾಲು ಭಿವಂಡಿಯ ಗೋದಾಮಿಗೋ ನ್ಹಾವಾ ಶೇವಾ ಬಂದರಿಗೋ ಹೊರಡುವುದೂ ಲಾರಿಯಲ್ಲಿಯೇ. ಆ ಲಾರಿ ಟೆಂಪೊಗಳನ್ನು ಓಡಿಸುವವರಲ್ಲಿ ನಮ್ಮ ಊರಿನವರೂ ಇದ್ದಾರೆ. ನಿನ್ನೆಯ ಮಾಣಿ ಇಂದಿನ ಕ್ಲೀನರ್, ಇಂದಿನ ಕ್ಲೀನರ್ ನಾಳೆಯ ಚಾಲಕ. ಮದುವೆಯ ದಿನಗಳಲ್ಲಿ ಕೇಟರಿಂಗಿನ ಹುಡುಗರು ಕೊಪ್ಪರಿಗೆ, ಹಂಡೆ, ಬಾಳೆ ಎಲೆಯ ಕಟ್ಟುಗಳ ನಡುವೆ ಕುಳಿತು ಥಾಣೆಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ವಾಶಿಗೆ ಹೋಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅಂಥ ಗಾಡಿಯಲ್ಲಿ ಕೂರದವರು ಈ ಸಭೆಯಲ್ಲಿ ಎಷ್ಟು ಜನ? ಆ ಗಾಡಿಯ ಬ್ರೇಕು ಹಿಡಿಯದಿದ್ದರೆ ಸಾಯುವವರು ನಾವು, ಸೆರೆಮನೆಗೆ ಹೋಗುವವನು ನಮ್ಮವನು. ಈ ಮಾತು ನಮ್ಮದಲ್ಲವೆಂದರೆ ಮತ್ತೆ ಯಾರದು?

ಅಪಘಾತವಾದ ಮರುದಿನ ಪತ್ರಿಕೆಯಲ್ಲಿ ಎರಡು ಮಾತು ಬರುತ್ತದೆ: ಬ್ರೇಕ್ ಫೇಲ್. ಚಾಲಕನೂ ಅದನ್ನೇ ಹೇಳುತ್ತಾನೆ, ಧಣಿಯೂ ಅದನ್ನೇ ಹೇಳುತ್ತಾನೆ. ಮಳೆ ಬಂತು, ಗಾಳಿ ಬೀಸಿತು ಎಂಬಂತೆ ಬ್ರೇಕ್ ಫೇಲ್ ಆಯಿತು. ಆದರೆ ಬ್ರೇಕು ದೈವೇಚ್ಛೆಯಿಂದ ಕೆಡುವುದಿಲ್ಲ. ಅದಕ್ಕೆ ಕಾರಣವಿರುತ್ತದೆ, ಆ ಕಾರಣಕ್ಕೆ ಒಬ್ಬ ಹೊಣೆಗಾರನಿರುತ್ತಾನೆ. ಕಾರಣಗಳನ್ನು ನಾವು ಮೂರು ಗುಂಪು ಮಾಡಿ ನೋಡಬಹುದು. ಒಂದು, ಓಡಿಸುವವನ ತಪ್ಪು. ಎರಡು, ಗಾಡಿಯನ್ನು ಸರಿಯಾಗಿ ನೋಡಿಕೊಳ್ಳದ ಧಣಿಯ ತಪ್ಪು. ಮೂರು, ಗಾಡಿ ಕಾರ್ಖಾನೆಯಿಂದ ಹೊರಟಾಗಲೇ ಇದ್ದ ದೋಷ. ಈ ಮೂರನ್ನೂ ಒಂದೇ ಕೊಪ್ಪರಿಗೆಗೆ ಸುರಿದು ಕಲಕಿದರೆ ಕೊನೆಗೆ ಎಲ್ಲವೂ ಬಡ ಚಾಲಕನ ತಲೆಗೆ ಬರುತ್ತದೆ.

ಮೊದಲನೆಯದನ್ನು ಮುಚ್ಚಿಡುವುದು ನಮಗೆ ಬೇಡ. ಪುಣೆಯ ನವಲೆ ಸೇತುವೆಯನ್ನು ನಮ್ಮವರಿಗೆ ಬೇರೆ ಹೇಳಬೇಕಾಗಿಲ್ಲ. ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರದ ಮೇಲೆ ಮುಂಬಯಿಗೆ ಬರುವ ನಮ್ಮ ಊರಿನ ದಾರಿಯೇ ಅದು. ೨೦೨೨ರ ನವೆಂಬರ್ ೨೦ರಂದು ಅಲ್ಲಿ ಇಳಿಜಾರಿನಲ್ಲಿ ಒಂದು ಲಾರಿ ಸುಮಾರು ೪೮ ವಾಹನಗಳಿಗೆ ಆಪತ್ತು ತಂದಿತು. ಮೊದಲು ಬ್ರೇಕ್ ಫೇಲ್ ಎಂದರು. ಆಮೇಲೆ ಪೊಲೀಸರು ಹೇಳಿದ್ದು ಬೇರೆ: ಡೀಸೆಲ್ ಉಳಿಸಲು ಚಾಲಕ ಇಳಿಜಾರಿನಲ್ಲಿ ಎಂಜಿನ್ನನ್ನೇ ಬಂದ್ ಮಾಡಿದ್ದ. ದೊಡ್ಡ ಲಾರಿಯ ಬ್ರೇಕು ಹವೆಯಿಂದ ನಡೆಯುತ್ತದೆ. ಹವೆ ತುಂಬುವ ಪಂಪನ್ನು ತಿರುಗಿಸುವುದು ಎಂಜಿನ್ನು. ಎಂಜಿನ್ನು ನಿಂತ ಮೇಲೆ ಮತ್ತೆ ಮತ್ತೆ ಬ್ರೇಕು ಒತ್ತಿದರೆ ಟಾಂಕಿಯ ಹವೆ ಮುಗಿಯುತ್ತದೆ, ತುಂಬುವವರಿಲ್ಲ. ಗೇರಿನ ಹಿಡಿತವೂ ತಪ್ಪುತ್ತದೆ. ಆದರೆ ಇಲ್ಲಿಯೂ ಒಂದು ಪ್ರಶ್ನೆ ಕೇಳಬೇಕು. ಚಾಲಕನು ಡೀಸೆಲ್ ಉಳಿಸಿದ್ದು ಯಾರಿಗಾಗಿ? ಇಷ್ಟೇ ಡೀಸೆಲಿನಲ್ಲಿ ಇಷ್ಟು ದೂರ ಹೋಗಿ ಬರಬೇಕು ಎಂದು ಲೆಕ್ಕ ಕಟ್ಟಿ ಕೊಡುವ ಪದ್ಧತಿ ಎಲ್ಲಿದೆಯೋ ಅಲ್ಲಿ ಆ ತಪ್ಪಿನ ಬೀಜವೂ ಇದೆ.

ನಮ್ಮ ಹತ್ತಿರದ ಇನ್ನೊಂದು ಸಂಗತಿ. ೨೦೨೪ರ ಡಿಸೆಂಬರ್ ೯ರ ರಾತ್ರಿ ಕುರ್ಲಾದಲ್ಲಿ ಬೆಸ್ಟಿನ ವಿದ್ಯುತ್ ಬಸ್ಸು ಜನರ ಮೇಲೆ ನುಗ್ಗಿ ಒಂಬತ್ತು ಜೀವ ಹೋಯಿತು. ಅಲ್ಲಿಯೂ ಮೊದಲು ಎದ್ದದ್ದು ಬ್ರೇಕ್ ಫೇಲ್ ಎಂಬ ಮಾತು. ಬಸ್ಸನ್ನು ಪರೀಕ್ಷಿಸಿದ ಆರ್‌ಟಿಓದವರು ಬ್ರೇಕಿನಲ್ಲಿ ದೋಷ ಕಾಣಲಿಲ್ಲ ಎಂದರು. ಆಗ ಮುಂದೆ ಬಂದ ಪ್ರಶ್ನೆ, ಆ ಜಾತಿಯ ಬಸ್ಸನ್ನು ನಡೆಸಲು ಚಾಲಕನಿಗೆ ಎಷ್ಟು ತರಬೇತಿ ಕೊಟ್ಟಿದ್ದರು ಎಂಬುದು. ನೋಡಿ, ಸರಿಯಾಗಿ ತಪಾಸಣೆ ಮಾಡಿದರೆ ಪ್ರಶ್ನೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ! ಆದುದರಿಂದ ಬ್ರೇಕ್ ಫೇಲ್ ಎಂದೊಡನೆ ನಾವು ನಂಬಲೂ ಬಾರದು, ಅಲ್ಲಗಳೆಯಲೂ ಬಾರದು. ಪರೀಕ್ಷೆಯಾಗಲಿ ಎಂದು ಒತ್ತಾಯಿಸಬೇಕು.

ಎರಡನೆಯದು ಧಣಿಯ ಹೊಣೆ. ಸವೆದ ಲೈನರನ್ನು ಬದಲಿಸದಿರುವುದು, ಬ್ರೇಕ್ ಆಯಿಲನ್ನು ವರ್ಷಗಟ್ಟಲೆ ಹಾಗೆಯೇ ಬಿಡುವುದು, ಎರಡು ಟನ್ನಿನ ಗಾಡಿಗೆ ನಾಲ್ಕು ಟನ್ನು ಹೇರುವುದು. ಬ್ರೇಕನ್ನು ಇಷ್ಟು ಭಾರಕ್ಕೆ ಎಂದು ಲೆಕ್ಕ ಮಾಡಿ ಮಾಡಿರುತ್ತಾರೆ. ಭಾರ ಹೆಚ್ಚಿದರೆ ಘಾಟಿ ಇಳಿಯುವಾಗ ಡ್ರಮ್ಮು ಕೆಂಡದಂತೆ ಕಾದು ಲೈನರು ಜಾರುತ್ತದೆ. ಬ್ರೇಕ್ ಆಯಿಲು ಹಳೆಯದಾದಂತೆ ನೀರಿನ ಪಸೆಯನ್ನು ಹೀರಿಕೊಳ್ಳುತ್ತದೆ. ಕಾದಾಗ ಆ ನೀರು ಆವಿಯಾಗಿ ಕೊಳವೆಯಲ್ಲಿ ಗುಳ್ಳೆ ಕಟ್ಟುತ್ತದೆ. ಆಗ ಪೆಡಲು ಬೆಣ್ಣೆಗೆ ಕಾಲಿಟ್ಟಂತೆ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ೨೦೨೫ರ ಜುಲೈ ೨೬ರಂದು ಮುಂಬಯಿ-ಪುಣೆ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಖೋಪೋಲಿಯ ಬಳಿ ಒಂದು ಕಂಟೇನರ್ ಲಾರಿ ಸುಮಾರು ಇಪ್ಪತ್ತು ವಾಹನಗಳಿಗೆ ಹೊಡೆದು ಒಬ್ಬ ಹೆಂಗಸು ತೀರಿಕೊಂಡಳು. ಅದೇ ವರ್ಷ ನವೆಂಬರ್ ೧೩ರಂದು ಮತ್ತೆ ನವಲೆ ಸೇತುವೆಯ ಬಳಿ ಕಂಟೇನರ್ ಲಾರಿಯ ಅಪಘಾತ, ಬೆಂಕಿ, ಎಂಟು ಸಾವು. ಎರಡೂ ಕಡೆ ಮೊದಲು ಕೇಳಿಬಂದದ್ದು ಅದೇ ಮಾತು. ನಮ್ಮ ಘೋಡಬಂದರ್ ರಸ್ತೆಯ ಗಾಯಮುಖ, ಮುಂಬ್ರಾ ಬೈಪಾಸು ಇಳಿಜಾರುಗಳಲ್ಲವೆ? ಅಲ್ಲಿ ರಾತ್ರಿ ಹಗಲು ಇಳಿಯುವ ಲಾರಿಗಳ ಡ್ರಮ್ಮು ಎಷ್ಟು ಕಾದಿದೆಯೆಂದು ಕೇಳುವವರು ಯಾರು?

ಇನ್ನು ಮೂರನೆಯದು, ಇಂದಿನ ಮುಖ್ಯ ವಿಷಯ. ಚಾಲಕ ಒಳ್ಳೆಯವನು, ಧಣಿಯೂ ಒಳ್ಳೆಯವನು, ಗಾಡಿಯೂ ಹೊಸದು. ಆದರೂ ಕಾರ್ಖಾನೆಯಲ್ಲಿ ಒಂದು ಪಿನ್ನು ಕೆಟ್ಟದ್ದು ಬಿದ್ದಿದೆ, ಒಂದು ಕೊಳವೆಯ ನಟ್ಟು ಸಡಿಲ ಉಳಿದಿದೆ. ಇದಕ್ಕೆ ಮದ್ದು ಯಾವುದು?

ಹೋಟೆಲಿನವರಿಗೆ ಇದನ್ನು ತಿಳಿಸುವುದು ಸುಲಭ. ಸಾಂಬಾರಿನ ಕೊಪ್ಪರಿಗೆಯಲ್ಲಿ ಹಲ್ಲಿ ಬಿದ್ದದ್ದು ಗೊತ್ತಾಯಿತೆನ್ನಿ. ಆಗ ನಾವು ದೂರು ಹೇಳಿದ ಗಿರಾಕಿಯ ಬಟ್ಟಲನ್ನು ಮಾತ್ರ ಬದಲಿಸಿ ಕೊಟ್ಟು ಸುಮ್ಮನಿರುತ್ತೇವೆಯೆ? ಆ ಕೊಪ್ಪರಿಗೆಯಿಂದ ಬಡಿಸಿದ ಎಲ್ಲ ಬಟ್ಟಲುಗಳನ್ನೂ ಎಲ್ಲ ಮೇಜುಗಳಿಂದಲೂ ಹಿಂದಕ್ಕೆ ತರಿಸುತ್ತೇವೆ. ಗಿರಾಕಿ ಇನ್ನೂ ಬಾಯಿಗಿಟ್ಟಿಲ್ಲವೆಂದರೂ ತರಿಸುತ್ತೇವೆ. ಹಣವನ್ನೂ ಕೇಳುವುದಿಲ್ಲ. ವಾಹನಗಳ ವಿಷಯದಲ್ಲಿ ಹೀಗೆ ಮಾಡುವುದಕ್ಕೆ ರಿಕಾಲ್ ಎನ್ನುತ್ತಾರೆ. ಒಂದೇ ಅಚ್ಚಿನಲ್ಲಿ ತಯಾರಾಗಿ ಒಂದೇ ದೋಷವಿರುವ ಗಾಡಿಗಳನ್ನೆಲ್ಲ ಕಂಪನಿ ಹಿಂದಕ್ಕೆ ಕರೆಸಿ ಪುಕ್ಕಟೆಯಾಗಿ ಸರಿಮಾಡಿ ಕೊಡಬೇಕು.

ಅಮೇರಿಕದಲ್ಲಿ ಇದಕ್ಕೆ ೧೯೬೬ರಲ್ಲಿಯೇ ಕಾನೂನಾಯಿತು. ನಮ್ಮಲ್ಲಿ ಬಹು ಕಾಲ ಏನೂ ಇರಲಿಲ್ಲ. ೨೦೧೨ರಲ್ಲಿ ವಾಹನ ತಯಾರಕರ ಸಂಘವು ತಾನಾಗಿಯೇ ಒಂದು ನಿಯಮ ಮಾಡಿಕೊಂಡಿತು. ಅದರಂತೆ ಕಂಪನಿಗಳು ಮನಸ್ಸಿದ್ದರೆ ಕರೆಸಬಹುದಿತ್ತು. ೨೦೧೯ರಲ್ಲಿ ಮೋಟಾರು ವಾಹನ ಕಾಯಿದೆಗೆ ತಿದ್ದುಪಡಿಯಾಗಿ ೧೧೦ಎ ಎಂಬ ಹೊಸ ಕಲಮು ಸೇರಿತು. ೨೦೨೧ರ ಏಪ್ರಿಲ್ ೧ರಿಂದ ಅದರ ನಿಯಮ ಜಾರಿಗೆ ಬಂತು. ಈಗ ಚಾಲಕನಿಗೋ, ಒಳಗೆ ಕುಳಿತವರಿಗೋ, ರಸ್ತೆಯ ಮೇಲಿನ ಬೇರೆಯವರಿಗೋ ಹಾನಿ ಮಾಡಬಲ್ಲ ದೋಷವಿದ್ದರೆ ಆ ಜಾತಿಯ ಗಾಡಿಗಳನ್ನೆಲ್ಲ ಹಿಂದಕ್ಕೆ ಕರೆಸು ಎಂದು ಕೇಂದ್ರ ಸರಕಾರ ಕಂಪನಿಗೆ ಆಜ್ಞೆ ಮಾಡಬಹುದು. ಕಂಪನಿ ತನ್ನ ಖರ್ಚಿನಲ್ಲಿ ದುರಸ್ತಿ ಮಾಡಬೇಕು, ಇಲ್ಲವೆ ಬೇರೆ ಗಾಡಿ ಕೊಡಬೇಕು, ಇಲ್ಲವೆ ಹಣ ಹಿಂದಕ್ಕೆ ಕೊಡಬೇಕು. ದಂಡ ಹತ್ತು ಲಕ್ಷದಿಂದ ಒಂದು ಕೋಟಿ ರೂಪಾಯಿಯವರೆಗೆ ಆಗಬಹುದು. ಕಂಪನಿ ತಾನಾಗಿಯೇ ದೋಷವನ್ನು ಹೇಳಿ ಕರೆಸಿದರೆ ದಂಡವಿಲ್ಲ.

ಕರೆಸಿದ ಉದಾಹರಣೆಗಳೂ ಇವೆ. ೨೦೨೧ರ ಸೆಪ್ಟೆಂಬರಿನಲ್ಲಿ ಮಹೀಂದ್ರ ಕಂಪನಿ ೨೯,೮೭೮ ಪಿಕಪ್ ಗಾಡಿಗಳನ್ನು ಕರೆಸಿತು. ೨೦೨೦ರ ಜನವರಿಯಿಂದ ೨೦೨೧ರ ಫೆಬ್ರವರಿಯೊಳಗೆ ತಯಾರಾದ ಕೆಲವು ಗಾಡಿಗಳಲ್ಲಿ ದ್ರವ ಹರಿಯುವ ಕೊಳವೆಯನ್ನು ಸಾಕಷ್ಟು ಬಿಗಿಮಾಡಿಲ್ಲವೆಂಬ ಸಂಶಯ ಅದಕ್ಕೆ ಕಾರಣ. ಪಿಕಪ್ಪು ಎಂದರೆ ನಮ್ಮ ತರಕಾರಿ, ಹಾಲು, ನೀರಿನ ಕ್ಯಾನು ಹೊರುವ ಗಾಡಿ. ೨೦೨೨ರ ಅಕ್ಟೋಬರಿನಲ್ಲಿ ಮಾರುತಿ ಸುಜುಕಿ ಕಂಪನಿ ವ್ಯಾಗನ್ ಆರ್, ಸೆಲೆರಿಯೊ, ಇಗ್ನಿಸ್ ಕಾರುಗಳಲ್ಲಿ ೯,೯೨೫ನ್ನು ಹಿಂದಿನ ಚಕ್ರದ ಬ್ರೇಕಿನ ಒಂದು ಪಿನ್ನಿಗಾಗಿ ಕರೆಸಿತು. ಒಂದು ತಿಂಗಳೊಳಗೆ ತಯಾರಾದ ಕಾರುಗಳವು. ವ್ಯಾಗನ್ ಆರ್ ನಮ್ಮ ಟ್ಯಾಕ್ಸಿಯವರ ಗಾಡಿಯೂ ಹೌದು. ೨೦೨೩ರ ಏಪ್ರಿಲಿನಲ್ಲಿ ಅದೇ ಕಂಪನಿ ಬ್ರೇಕಿಗೆ ಬಲ ಕೊಡುವ ಪಂಪಿನ ದೋಷದ ಸಂಶಯದಿಂದ ೭,೨೧೩ ಬಲೆನೊ ಆರ್.ಎಸ್. ಕಾರುಗಳನ್ನು ಕರೆಸಿತು. ಅವುಗಳಲ್ಲಿ ೨೦೧೬ರಲ್ಲಿ ತಯಾರಾದವೂ ಇದ್ದವು. ಹೀಗೆ ಕರೆಸಿದ್ದಕ್ಕೆ ಕಂಪನಿಯನ್ನು ನಾವು ಹಳಿಯಬಾರದು. ಹಲ್ಲಿ ಬಿದ್ದದ್ದನ್ನು ಒಪ್ಪಿಕೊಂಡು ಬಟ್ಟಲು ಹಿಂದಕ್ಕೆ ತರಿಸಿದ ಹೋಟೆಲೇ ಮರ್ಯಾದೆಯ ಹೋಟೆಲು.

ಹಾಗಾದರೆ ಕೊರತೆ ಎಲ್ಲಿ? ಬಂಧುಗಳೇ, ಕೊರತೆ ಇರುವುದು ಸುದ್ದಿ ಹೋಗುವ ದಾರಿಯಲ್ಲಿ. ನಮ್ಮ ಚಾಲಕ ಬಂಧುಗಳು ಕೆಲವರನ್ನು ನಾವು ಕೇಳಿದೆವು: ನಿಮ್ಮ ಗಾಡಿಯನ್ನು ಕಂಪನಿ ಎಂದಾದರೂ ಕರೆಸಿದ್ದುಂಟೆ? ಅವರು ನಕ್ಕರು. ಪತ್ರ ಬಂದರೆ ಧಣಿಗೆ ಬರುತ್ತದೆ, ಫೋನು ಬಂದರೆ ಧಣಿಗೆ ಬರುತ್ತದೆ, ನಮಗೆ ಬರುವುದು ಲೋಡಿಂಗಿಗೆ ಹೊತ್ತಾಯಿತೆಂಬ ಫೋನು ಮಾತ್ರ ಎಂದರು. ಅದು ನಗುವ ಮಾತಲ್ಲ. ಕಂಪನಿಗೆ ಗೊತ್ತಿರುವುದು ಗಾಡಿಯನ್ನು ಕೊಂಡವನ ಹೆಸರು, ಆರ್.ಸಿ. ಪುಸ್ತಕದ ವಿಳಾಸ. ಆ ಗಾಡಿ ನಾಲ್ಕು ವರ್ಷದಲ್ಲಿ ಮೂರು ಕೈ ಬದಲಾಗಿರುತ್ತದೆ. ಕೊಂಡವನು ೩೦ ದಿನಗಳೊಳಗೆ ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕೆಂದು ಕಾನೂನಿದೆ. ಎಷ್ಟು ಜನ ಮಾಡಿಸುತ್ತಾರೆ? ಥಾಣೆಯ ೦೪ರ ಗಾಡಿ ಕಲ್ಯಾಣದ ೦೫ರ ಊರಿನಲ್ಲಿ ಓಡುತ್ತದೆ, ಕಲ್ಯಾಣದ ಗಾಡಿ ನವಿ ಮುಂಬಯಿಯ ೪೩ರಲ್ಲಿ ಓಡುತ್ತದೆ, ಪತ್ರ ಮಾತ್ರ ಮೊದಲ ಧಣಿಯ ಹಳೆಯ ಮನೆಗೆ ಹೋಗುತ್ತದೆ. ಬ್ರೇಕಿನ ಮೇಲೆ ಕಾಲಿಟ್ಟವನಿಗೆ ಅದು ತಲುಪುವುದಿಲ್ಲ.

ಧಣಿಗೆ ತಲುಪಿದರೂ ಗಾಡಿ ಗ್ಯಾರೇಜಿಗೆ ಹೋಗುತ್ತದೆಂಬ ಭರವಸೆಯಿಲ್ಲ. ದುರಸ್ತಿ ಪುಕ್ಕಟೆ; ಆದರೆ ಗಾಡಿ ನಿಂತ ಒಂದು ದಿನದ ಬಾಡಿಗೆ ಪುಕ್ಕಟೆಯಾಗಿ ಬರುವುದಿಲ್ಲ. ಸಾಲದ ಕಂತು ನಿಲ್ಲುವುದಿಲ್ಲ. ದಿನದ ಲೆಕ್ಕದಲ್ಲಿ ದುಡಿಯುವ ಚಾಲಕನಿಗೂ ಕ್ಲೀನರಿಗೂ ಆ ದಿನದ ಪಗಾರವಿಲ್ಲ. ಆದುದರಿಂದ ಎಲ್ಲರೂ ನಾಳೆ ನೋಡೋಣವೆನ್ನುತ್ತಾರೆ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬಂತೆ ಆಗುತ್ತದೆ. ನಡುವೆ ಸಡಿಲವಾದ ನಟ್ಟು ಇನ್ನಷ್ಟು ಸಡಿಲವಾಗುತ್ತದೆ.

ಕಾನೂನಿನಲ್ಲಿಯೂ ಇಕ್ಕಟ್ಟುಗಳಿವೆ. ಈ ನಿಯಮ ತಯಾರಾಗಿ ಏಳು ವರ್ಷದೊಳಗಿನ ಗಾಡಿಗಳಿಗೆ ಮಾತ್ರ. ನಮ್ಮವರ ಕೈಗೆ ಬರುವ ಗಾಡಿ ಅನೇಕ ವೇಳೆ ಅದಕ್ಕಿಂತ ಹಳೆಯದು. ದೂರು ಕೊಡುವುದು ಪರಿವಾಹನ್ ಜಾಲತಾಣದ ಮೂಲಕ, ಅದೂ ಗಾಡಿಯ ಧಣಿ. ದೊಡ್ಡ ಬಸ್ಸು ಲಾರಿಗಳ ವಿಷಯದಲ್ಲಿ ವರ್ಷಕ್ಕೆ ಮಾರಿದ ಗಾಡಿಗಳ ನೂರಕ್ಕೆ ಮೂರರಷ್ಟು ದೂರುಗಳು ಬಂದರೆ ಕಡ್ಡಾಯದ ಕ್ರಮಕ್ಕೆ ದಾರಿಯಾಗುತ್ತದೆ. ಎಂದರೆ ಸಾವಿರ ಲಾರಿ ಮಾರಿದ್ದರೆ ಮೂವತ್ತು ಧಣಿಗಳು ಬರೆಯಬೇಕು. ಒಬ್ಬರ ಮುಖ ಒಬ್ಬರು ಕಾಣದ ಮೂವತ್ತು ಜನ ಕೂಡಿ ಬರೆಯುವುದು ಹೇಗೆ?

ಇಲ್ಲಿಯೇ ಸಂಘದ ಕೆಲಸ ಬರುತ್ತದೆ. ೧೧೦ಎ ಕಲಮನ್ನು ಓದಿದರೆ ಒಂದು ಸಣ್ಣ ಮಾತು ಕಾಣುತ್ತದೆ. ದೋಷದ ಸುದ್ದಿ ಸರಕಾರಕ್ಕೆ ಮೂರು ಕಡೆಯಿಂದ ಬರಬಹುದು: ಗೊತ್ತು ಮಾಡಿದ ಪ್ರಮಾಣದಷ್ಟು ಧಣಿಗಳಿಂದ, ಪರೀಕ್ಷಾ ಸಂಸ್ಥೆಯಿಂದ, ಅಥವಾ ಬೇರೆ ಯಾವುದೇ ಮೂಲದಿಂದ. ಬೇರೆ ಯಾವುದೇ ಮೂಲ! ಆ ಮೂಲ ನಾವೇಕೆ ಆಗಬಾರದು? ಗಾಡಿ ನಮ್ಮ ಹೆಸರಿನಲ್ಲಿ ಇಲ್ಲದಿರಬಹುದು, ಆದರೆ ಪೆಡಲಿನ ಮೇಲಿರುವ ಕಾಲು ನಮ್ಮದು. ದಿನಕ್ಕೆ ನೂರು ಸಲ ಬ್ರೇಕು ಒತ್ತುವವನಿಗೆ ತಿಳಿಯುವಷ್ಟು ಪುಸ್ತಕ ನೋಡುವವನಿಗೆ ತಿಳಿಯುವುದಿಲ್ಲ. ಒಂದೇ ಮಾದರಿಯ ಹತ್ತು ಟೆಂಪೊಗಳ ಚಾಲಕರು, ಹೊಸ ಗಾಡಿಯಲ್ಲಿಯೇ ಬ್ರೇಕು ಎಡಕ್ಕೆ ಎಳೆಯುತ್ತದೆ ಎಂದು ಬೇರೆ ಬೇರೆ ಊರಿನಿಂದ ಹೇಳಿದರೆ ಅದು ಗೊಣಗಾಟವಾಗಿ ಉಳಿಯುವುದಿಲ್ಲ, ಸಾಕ್ಷ್ಯವಾಗುತ್ತದೆ.

ಆದುದರಿಂದ ನಾವು ಮಾಡತಕ್ಕ ಕೆಲಸವನ್ನು ಬಿಡಿಸಿ ಹೇಳುತ್ತೇವೆ.

ಮೊದಲನೆಯದಾಗಿ, ಸಂಘದಲ್ಲಿ ಒಂದು ಗಾಡಿ ಪುಸ್ತಕ ಇಡೋಣ. ನಮ್ಮ ಚಾಲಕರೂ ಕ್ಲೀನರುಗಳೂ ತಾವು ದುಡಿಯುವ ಗಾಡಿಯ ಮಾದರಿ, ತಯಾರಾದ ತಿಂಗಳು ವರ್ಷ, ೧೭ ಅಕ್ಷರ ಅಂಕೆಗಳ ಚಾಸಿ ನಂಬರು ಇವುಗಳನ್ನು ಬರೆಯಿಸಲಿ. ಚಾಸಿ ನಂಬರು ಆರ್.ಸಿ.ಯಲ್ಲಿಯೂ ಇದೆ, ಗಾಡಿಯ ಚೌಕಟ್ಟಿನ ಮೇಲೆಯೂ ಕೆತ್ತಿರುತ್ತದೆ. ಕಂಪನಿಗಳು ಗಾಡಿಗಳನ್ನು ಕರೆಸುವಾಗ ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ತಯಾರಾದವು ಎಂದು ಹೇಳುತ್ತವೆ. ಕೆಲವು ಕಂಪನಿಗಳ ಜಾಲತಾಣದಲ್ಲಿ ಚಾಸಿ ನಂಬರನ್ನು ಹಾಕಿ ನೋಡಬಹುದು. ಮೊಬೈಲು ಬಲ್ಲ ನಮ್ಮ ಹುಡುಗರು ತಿಂಗಳಿಗೊಮ್ಮೆ ಕುಳಿತು ನೋಡಿದರೆ ಸಾಕು. ರಾತ್ರಿ ಶಾಲೆಯಲ್ಲಿ ಓದಿದ ಅಕ್ಷರ ಇಂಥ ಕೆಲಸಕ್ಕೆ ಬರಲಿ.

ಎರಡನೆಯದಾಗಿ, ಬ್ರೇಕಿನ ಲಕ್ಷಣಗಳನ್ನು ಕಲಿಯೋಣ. ಹೊರಡುವ ಮೊದಲು ನಿಂತ ಗಾಡಿಯಲ್ಲಿ ಪೆಡಲನ್ನು ಒತ್ತಿ ಹಿಡಿಯಿರಿ. ಮೆಲ್ಲನೆ ಕೆಳಗಿಳಿದರೆ ಎಲ್ಲಿಯೋ ಸೋರುತ್ತಿದೆ. ಚಕ್ರದ ಒಳಮೈಯಲ್ಲಿ ಎಣ್ಣೆಯ ಪಸೆ ಇದೆಯೇ ನೋಡಿ. ಬ್ರೇಕು ಹಾಕಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆಯೇ, ಕಬ್ಬಿಣ ಉಜ್ಜಿದ ಸದ್ದು ಬರುತ್ತದೆಯೇ, ಸುಟ್ಟ ವಾಸನೆ ಬರುತ್ತದೆಯೇ ಗಮನಿಸಿ. ಹವೆಯ ಬ್ರೇಕಿನ ಲಾರಿಯಲ್ಲಿ ಹವೆಯ ಮುಳ್ಳು ಏರುವ ಮೊದಲು ಗಾಡಿ ಕದಲಿಸಬೇಡಿ. ಟಾಂಕಿಯಲ್ಲಿ ನಿಂತ ನೀರನ್ನು ತೆಗೆಯಿರಿ. ಇಳಿಜಾರಿನಲ್ಲಿ ಸಣ್ಣ ಗೇರಿನಲ್ಲಿಯೇ ಇಳಿಯಿರಿ. ನ್ಯೂಟ್ರಲ್ ಮಾಡಿ ಉಳಿಸಿದ ಡೀಸೆಲು ಯಾವ ಹೆಂಡತಿ ಮಕ್ಕಳ ಹೊಟ್ಟೆಯನ್ನೂ ತುಂಬುವುದಿಲ್ಲ. ಪಾಸಿಂಗ್ ಆಗಿದೆಯೆಂದು ನೆಮ್ಮದಿಯಿಂದ ಇರಬೇಡಿ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಪಾಸಿಂಗ್ ಮಾಡಿಸಬೇಕು. ಪಾಸಿಂಗಿನ ದಿನ ಸರಿಯಿದ್ದ ಬ್ರೇಕು ಮರುತಿಂಗಳು ಸರಿಯಿರಲೇಬೇಕೆಂದಿಲ್ಲ.

ಮೂರನೆಯದು, ಎಲ್ಲಕ್ಕಿಂತ ದೊಡ್ಡದು: ಬಾಯಲ್ಲಿ ಹೇಳಿ ಬಿಡಬೇಡಿ, ಬರೆದು ಕೊಡಿ. ಇಂಥ ದಿನ, ಇಂಥ ನಂಬರಿನ ಗಾಡಿ, ಬ್ರೇಕಿನಲ್ಲಿ ಇಂಥ ಲಕ್ಷಣ ಕಂಡಿದೆ ಎಂದು ಎರಡು ಸಾಲು. ವಾಟ್ಸ್ಆ್ಯಪಿನಲ್ಲಿ ಕಳುಹಿಸಿದರೂ ದಿನಾಂಕ ಗಂಟೆ ಸಮೇತ ಉಳಿಯುತ್ತದೆ. ಏಕೆ ಗೊತ್ತೆ? ಮೋಟಾರು ವಾಹನ ಕಾಯಿದೆಯ ೧೯೦ನೇ ಕಲಮು ದೋಷವಿರುವ ಗಾಡಿಯನ್ನು ಓಡಿಸಿದವನನ್ನು ಮಾತ್ರ ಹಿಡಿಯುವುದಿಲ್ಲ; ಓಡಿಸಲು ಹಚ್ಚಿದವನನ್ನೂ, ಓಡಿಸಲು ಬಿಟ್ಟವನನ್ನೂ ಹಿಡಿಯುತ್ತದೆ. ದೋಷ ಗೊತ್ತಿದ್ದರೆ, ಇಲ್ಲವೆ ಸಾಮಾನ್ಯ ಜಾಗರೂಕತೆಯಿಂದ ಗೊತ್ತಾಗುವಂತಿದ್ದರೆ ಅಷ್ಟೇ ಸಾಕು. ಅದರಿಂದ ಅಪಘಾತವಾದರೆ ಮೂರು ತಿಂಗಳವರೆಗೆ ಸೆರೆಯೂ ಆಗಬಹುದು. ಇನ್ನು ಜೀವ ಹೋದರೆ? ೨೦೨೪ರ ಜುಲೈ ೧ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ ೧೦೬ನೇ ಕಲಮಿನಂತೆ ಅಜಾಗರೂಕತೆಯಿಂದ ಸಾವು ತಂದವನಿಗೆ ಐದು ವರ್ಷದವರೆಗೆ ಸೆರೆ. ಹಳೆಯ ಕಾನೂನಿನಲ್ಲಿ ಅದು ಎರಡು ವರ್ಷವಿತ್ತು. ಕೋರ್ಟಿನಲ್ಲಿ ನಿಂತಾಗ ಚಾಲಕನ ಕೈಯಲ್ಲಿ ಆ ಎರಡು ಸಾಲಿನ ಕಾಗದವಿದ್ದರೆ ಧಣಿಗೆ ಗೊತ್ತಿತ್ತು ಎಂಬುದಕ್ಕೆ ಸಾಕ್ಷಿಯಿದೆ. ಕಾಗದವಿಲ್ಲದಿದ್ದರೆ ಚಾಲಕನ ಮಾತನ್ನು ಯಾರು ಕೇಳುತ್ತಾರೆ? ಆದರೆ ಇದನ್ನೂ ನೆನಪಿಡಿ: ಕಾಗದ ಕೊಟ್ಟು ಅದೇ ಕೆಟ್ಟ ಗಾಡಿಯನ್ನು ಓಡಿಸಿದರೆ ಗೊತ್ತಿದ್ದೂ ಓಡಿಸಿದ ತಪ್ಪು ನಮ್ಮದೂ ಆಗುತ್ತದೆ. ಬ್ರೇಕು ಹಿಡಿಯದ ಗಾಡಿಯನ್ನು ಓಡಿಸುವುದಿಲ್ಲ ಎನ್ನುವ ಚಾಲಕನ ಬೆನ್ನ ಹಿಂದೆ ಸಂಘ ನಿಲ್ಲಬೇಕು. ಅವನೊಬ್ಬನೇ ಹೇಳಿದರೆ ಕೆಲಸ ಹೋಗುತ್ತದೆ, ಐವತ್ತು ಜನ ಹೇಳಿದರೆ ಗಾಡಿ ಗ್ಯಾರೇಜಿಗೆ ಹೋಗುತ್ತದೆ.

ನಾಲ್ಕನೆಯದಾಗಿ, ನಮ್ಮ ಬೇಡಿಕೆ. ಕಂಪನಿ ಕರೆಸಿದ ಗಾಡಿ ದುರಸ್ತಿಗೆ ನಿಂತ ದಿನದ ಪಗಾರ ಚಾಲಕನಿಗೂ ಕ್ಲೀನರಿಗೂ ಸಿಗಬೇಕು. ಕರೆಸಿದ ಸುದ್ದಿಯನ್ನು ಧಣಿ ಚಾಲಕನಿಗೆ ಓದಿ ಹೇಳಿ ಸಹಿ ಹಾಕಿಸಿಕೊಳ್ಳಬೇಕು. ಸರಕಾರವು ಚಾಲಕನ ದೂರನ್ನೂ ಜಾಲತಾಣದಲ್ಲಿ ತೆಗೆದುಕೊಳ್ಳಬೇಕು. ಪಾಸಿಂಗಿ‌ಗೆ ಬಂದ ಗಾಡಿಯನ್ನು ಕಂಪನಿ ಕರೆಸಿದೆಯೇ, ಕರೆಸಿದ್ದರೆ ಕೆಲಸ ಆಗಿದೆಯೇ ಎಂದು ಆರ್‌ಟಿಓದಲ್ಲಿ ನೋಡಬೇಕು. ಇವು ನ್ಯಾಯವಾದ ಬೇಡಿಕೆಗಳು.

ತಾನೇ ಕೊಂಡು ತಾನೇ ಓಡಿಸುವ ಒಂಟಿ ಟೆಂಪೊದ ಬಂಧುಗಳಿಗೆ ಒಂದು ಮಾತು. ವ್ಯಾಪಾರಕ್ಕೆ ಕೊಂಡವನು ಗ್ರಾಹಕನಲ್ಲ ಎಂದು ನಿಮ್ಮನ್ನು ಹೆದರಿಸುವವರಿದ್ದಾರೆ. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಸ್ವಂತ ದುಡಿಮೆಯಿಂದ ಜೀವನ ಸಾಗಿಸಲಿಕ್ಕೆಂದೇ ಕೊಂಡವನು ಗ್ರಾಹಕನೇ ಎಂದಿದೆ. ದೋಷವುಳ್ಳ ವಸ್ತುವಿನಿಂದ ಆದ ಹಾನಿಗೆ ತಯಾರಿಸಿದವನನ್ನು ಹೊಣೆ ಮಾಡುವ ಅಧ್ಯಾಯವೂ ಅದರಲ್ಲಿದೆ. ೧೯೧೫ ಎಂಬ ನಂಬರಿಗೆ ಫೋನು ಮಾಡಿ ಕೇಳಬಹುದು.

ಕೇಟರಿಂಗಿನ ಹುಡುಗರಿಗೂ ಒಂದು ಮಾತು. ಸರಕಿನ ಗಾಡಿಯಲ್ಲಿ ಸುಮ್ಮನೆ ಹತ್ತಿ ಕುಳಿತವನಿಗೆ ಗಾಡಿಯ ವಿಮಾ ಕಂಪನಿ ಪರಿಹಾರ ಕೊಡಬೇಕಾಗಿಲ್ಲವೆಂದು ಸುಪ್ರೀಂ ಕೋರ್ಟು ೨೦೦೨ರಲ್ಲಿ ತೀರ್ಪು ಕೊಟ್ಟಿದೆ. ಸರಕಿನ ಯಜಮಾನನಿಗೋ ಅವನ ಅಧಿಕೃತ ಪ್ರತಿನಿಧಿಗೋ ರಕ್ಷಣೆ ಉಂಟು, ಪಾತ್ರೆಗಳ ಮೇಲೆ ಕುಳಿತ ಹತ್ತು ಜನರಿಗೆ ಇಲ್ಲ. ಮದುವೆ ಮನೆಯ ಎಲೆ ಎತ್ತಿ ಮುಗಿಸಿ ರಾತ್ರಿ ಒಂದು ಗಂಟೆಗೆ ದಣಿದ ಮೈಯಲ್ಲಿ ಟೆಂಪೊದ ಹಿಂಭಾಗಕ್ಕೆ ಹತ್ತುವಾಗ ಇದನ್ನು ನೆನೆಯಿರಿ. ಪಾತ್ರೆಗೆ ಟೆಂಪೊ, ಮನುಷ್ಯರಿಗೆ ಬೇರೆ ಗಾಡಿ. ಇದನ್ನು ಕೇಟರಿಂಗಿನ ಧಣಿಗಳೊಡನೆ ಮಾತು ಕುದುರಿಸುವಾಗಲೇ ಹೇಳಿಸಿಕೊಳ್ಳಬೇಕು.

ಹೋಟೆಲಿನ ಧಣಿಗಳನ್ನು ಶತ್ರುಗಳೆಂದು ನಾವು ಎಣಿಸುವುದಿಲ್ಲ. ಅವರಲ್ಲಿ ಬಹಳ ಜನ ನಮ್ಮಂತೆಯೇ ಲೋಟ ತೊಳೆದು ಮೇಲೆ ಬಂದವರು. ಅವರು ಬಾಡಿಗೆ ಟೆಂಪೊದವನಿಗೆ ದರ ಕೇಳುವಾಗ ಒಂದು ಮಾತನ್ನು ಹೆಚ್ಚಾಗಿ ಕೇಳಲಿ: ನಿನ್ನ ಗಾಡಿಯ ಪಾಸಿಂಗ್ ಯಾವಾಗ ಆಯಿತು, ಕಂಪನಿ ಕರೆಸಿದೆಯೇ, ತೋರಿಸಿದೆಯಾ? ಗಿರಾಕಿ ಕೇಳಿದ್ದನ್ನು ವ್ಯಾಪಾರಿ ಕೊಡಲೇಬೇಕಾಗುತ್ತದೆ.

ಗಾಡಿ ನಿಲ್ಲಿಸಿದರೆ ಊರು ನಿಲ್ಲುತ್ತದೆ ಎಂದು ಕೆಲವರು ಹೇಳುತ್ತಾರೆ. ೨೦೨೩ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಒಂದು ತಿಂಗಳೊಳಗೆ ಮೂರು ಸಿ.ಎನ್.ಜಿ. ಬಸ್ಸುಗಳಿಗೆ ಬೆಂಕಿ ಹತ್ತಿತು. ಬೆಸ್ಟಿನವರು ಆ ಜಾತಿಯ ೪೦೦ ಬಸ್ಸುಗಳನ್ನು ಸರಿಪಡಿಸುವವರೆಗೆ ರಸ್ತೆಯಿಂದ ತೆಗೆದರು. ಜನರಿಗೆ ತೊಂದರೆ ಆಯಿತು, ನಿಜ. ಊರು ನಿಲ್ಲಲಿಲ್ಲ. ನಾನೂರು ಬಸ್ಸುಗಳನ್ನು ನಿಲ್ಲಿಸಲು ಬರುತ್ತದಾದರೆ ಒಂದು ಟೆಂಪೊವನ್ನು ಒಂದು ದಿನ ನಿಲ್ಲಿಸಲು ಏಕೆ ಬರುವುದಿಲ್ಲ?

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂದು ನಮ್ಮ ಹಿರಿಯರು ಹೇಳಿದ್ದು ಇಂಥದಕ್ಕೇ. ಕಾನೂನು ಮಾಡಿದವರು ಒಂದು ಬಾಗಿಲನ್ನು ತೆರೆದಿಟ್ಟಿದ್ದಾರೆ. ಬೇರೆ ಯಾವುದೇ ಮೂಲ ಎಂಬ ಆ ಸಣ್ಣ ಬಾಗಿಲು. ಅದರೊಳಗೆ ಹೋಗುವವರು ನಾವಾಗಬೇಕು. ಬರುವ ಭಾನುವಾರದಿಂದ ಸಂಘದ ಕಚೇರಿಯಲ್ಲಿ ಗಾಡಿ ಪುಸ್ತಕ ತೆರೆದಿರುತ್ತದೆ. ಚಾಲಕರು, ಕ್ಲೀನರುಗಳು ಚಾಸಿ ನಂಬರು ಬರೆದುಕೊಂಡು ಬನ್ನಿ. ಹೋಟೆಲು ಗಿರಣಿಗಳವರು ನಿಮ್ಮಲ್ಲಿಗೆ ಮಾಲು ತರುವ ಚಾಲಕನಿಗೆ ಒಂದು ಲೋಟ ಚಹಾ ಕೊಟ್ಟು ಈ ಸುದ್ದಿ ಹೇಳಿ. ಅವನು ಕನ್ನಡದವನೋ ಮರಾಠಿಯವನೋ ಉತ್ತರದವನೋ ಎಂದು ನೋಡಬೇಡಿ. ಇಳಿಜಾರಿನಲ್ಲಿ ಅವನ ಗಾಡಿಯ ಮುಂದೆ ನಡೆಯುವವರು ನಾವೇ.